ಕೂಸು ಹುಟ್ಟುವ ಮುನ್ನ ಕುಲಾವಿ ತಂದಿರಾ?

(ಸೂರತ್‌ನಲ್ಲಿ ಕಂಪೈಲರ್ ಜೊತೆ ಒಂದು ಕಾಲ್ಪನಿಕ ಸಂದರ್ಶನ)

ಸೂರತ್‌ನ ರಿಂಗ್ ರೋಡಿನ ಉದ್ದಕ್ಕೂ ಸೀರೆ ಮಾರುಕಟ್ಟೆಗಳು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಚೌಕಾಸಿ ಮಾಡಿ ಗೆದ್ದೆವೆಂದು ಬೀಗುತ್ತ ನಾವು ಮನೆಗೆ ತರುವ ಪಾಲಿಯೆಸ್ಟರ್ ಸೀರೆಗಳಲ್ಲಿ ಎಷ್ಟೋ ಹೊರಡುವುದು ಇಲ್ಲಿಂದ. ಅಂಥ ಒಂದು ಮಾರುಕಟ್ಟೆಯ ಮೂರನೇ ಮಹಡಿಯಲ್ಲಿ, ಮೂಟೆಗಳ ಸಂದಿಯಲ್ಲಿ, ಶೇಠ್‌ಜಿಯೊಬ್ಬರ ಗದ್ದಿ. ಅವರಿಗೆ ಅಹಮದಾಬಾದ್, ವಡೋದರಾ, ಸೂರತ್ ಎಂದು ಮೂರು ಶಾಖೆ. ಲೆಕ್ಕದ ತಂತ್ರಾಂಶ ಬರೆಯಲು ದಾವಣಗೆರೆಯ ಹುಡುಗನೊಬ್ಬನನ್ನು ಇಟ್ಟುಕೊಂಡಿದ್ದಾರೆ. ಹುಡುಗ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಮೂರು ಊರಿಗೆ ಮೂರು ವೇರಿಯಬಲ್ ಬರೆದು ಕೈತೊಳೆದುಕೊಂಡ.

ದೀಪಾವಳಿಯ ಚೋಪಡಾ ಪೂಜೆಯ ದಿನ ಶೇಠ್‌ಜಿ ಹೊಸ ಲೆಕ್ಕದ ಪುಸ್ತಕಕ್ಕೆ ಕುಂಕುಮ ಹಚ್ಚಿ, ‘ರಾಜಕೋಟ್‌ನಲ್ಲೂ ಅಂಗಡಿ ಹಾಕುತ್ತೇನೆ. ಇನ್ನು ಯಾವ ಊರಿನ ಹೆಸರು ಟೈಪ್ ಮಾಡಿದರೂ ಅದರ ಲೆಕ್ಕ ತಾನಾಗಿ ಶುರುವಾಗಬೇಕು’ ಎಂದರು. ಟೈಪ್ ಮಾಡಿದ ಹೆಸರಿನ ವೇರಿಯಬಲ್ಲೇ ಹುಟ್ಟಬೇಕೆಂದು ಹುಡುಗ ಅರ್ಥಮಾಡಿಕೊಂಡ. ಅಂದಿನಿಂದ ಅವನಿಗೂ ಅವನ ಕಂಪೈಲರ್‌ಗೂ ಸರಿಯಿಲ್ಲ. ಅವನು ಚಹಾ ಕುಡಿಯಲು ಕೆಳಗಿಳಿದ ಹೊತ್ತು ನೋಡಿ ಕಂಪೈಲರ್ ಅವರನ್ನು ಮಾತಿಗೆಳೆದೆ.

ನಾನು: ನಮಸ್ಕಾರ. ತಮ್ಮ ಹೆಸರಿನಿಂದಲೇ ಶುರುಮಾಡೋಣವೇ?

ಕಂಪೈಲರ್: ಜಿಸಿಸಿ. 1987ರಲ್ಲಿ ರಿಚರ್ಡ್ ಸ್ಟಾಲ್‌ಮನ್ ನನ್ನನ್ನು ಲೋಕಕ್ಕೆ ಬಿಟ್ಟಾಗ ಅದರ ವಿಸ್ತಾರ ‘ಗ್ನೂ ಸಿ ಕಂಪೈಲರ್’. ಸಿ ಜೊತೆಗೆ ಬೇರೆ ಭಾಷೆಗಳೂ ಬಾಯಿಗೆ ಬಂದಮೇಲೆ ‘ಗ್ನೂ ಕಂಪೈಲರ್ ಕಲೆಕ್ಷನ್’ ಆಯಿತು. ಮೂರಕ್ಷರ ಮಾತ್ರ ಕದಲಲಿಲ್ಲ. ಹಾಗಾಗಿ ನನ್ನನ್ನು ಆ ಮೂರಕ್ಷರದಿಂದ ಕೂಗುತ್ತಿದ್ದ ಹಳೆಯ ಕಡತಗಳಿಗೆ ಏನೂ ಧಕ್ಕೆಯಾಗಲಿಲ್ಲ. ನಿಮ್ಮ ನಗರಸಭೆಗಳಿಗೂ ಈ ಉಪಾಯ ಹೊಳೆದಿದ್ದರೆ ಎಷ್ಟು ಬೋರ್ಡುಗಳ ಬಣ್ಣ ಉಳಿಯುತ್ತಿತ್ತೋ.

ನಾನು: ಉದ್ಯೋಗ?

ಕಂಪೈಲರ್: ಗುಮಾಸ್ತಿಕೆ. ಮನುಷ್ಯರು ಬರೆದದ್ದನ್ನು ಒಂದಕ್ಷರ ಬಿಡದೆ ಓದಿ, ತಪ್ಪಿದ್ದರೆ ಸಾಲಿನ ಸಂಖ್ಯೆ ಸಮೇತ ಮುಖಕ್ಕೆ ಹೇಳಿ, ಸರಿಯಿದ್ದರೆ ಯಂತ್ರಕ್ಕೆ ತಿಳಿಯುವ ಆಜ್ಞೆಗಳಾಗಿ ಬರೆದುಕೊಟ್ಟು ಎದ್ದುಹೋಗುತ್ತೇನೆ. ಪ್ರೋಗ್ರಾಂ ಓಡುವಾಗ ನಾನು ಅಲ್ಲಿ ಇರುವುದಿಲ್ಲ. ಈ ಕೊನೇ ಮಾತನ್ನು ದಯವಿಟ್ಟು ದಪ್ಪಕ್ಷರದಲ್ಲಿ ಹಾಕಿ, ಆ ಹುಡುಗನ ಕಣ್ಣಿಗೆ ಬೀಳಲಿ.

ನಾನು: ಅವನ ದೂರೂ ಅದೇ. ಓಡುತ್ತಿರುವ ಪ್ರೋಗ್ರಾಮಿನಲ್ಲಿ ಒಂದು ವೇರಿಯಬಲ್‌ಗೆ ಹೆಸರಿಡಲು ಬಿಡದ ಹಟಮಾರಿ ತಾವು ಎನ್ನುತ್ತಾನೆ.

ಕಂಪೈಲರ್: ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎಂದು ನೀವು ಮಂದಿಯನ್ನು ಆಡಿಕೊಳ್ಳುತ್ತೀರಿ. ನನ್ನ ಕಚೇರಿಯಲ್ಲಿ ಅದೇ ಕಾನೂನು. ಕುಲಾವಿ ತಂದು ತೋರಿಸದ ಕೂಸಿಗೆ ಒಳಗೆ ಪ್ರವೇಶವಿಲ್ಲ. ಹೆಸರೇನು, ಜಾತಿ ಯಾವುದು, ಎಷ್ಟು ಜಾಗ ಬೇಕು, ಯಾವ ಆವರಣದೊಳಗೆ ಬದುಕುತ್ತದೆ, ಎಲ್ಲವನ್ನೂ ಮೊದಲೇ ಬರೆದುಕೊಡಬೇಕು. ಅದನ್ನು ಸಿಂಬಲ್ ಟೇಬಲ್ ಎಂಬ ದಫ್ತರಿನಲ್ಲಿ ಏರಿಸಿಕೊಳ್ಳುತ್ತೇನೆ.

ನಾನು: ಈ ಕಾಲದಲ್ಲೂ ಜಾತಿ ಕೇಳುತ್ತೀರಾ?

ಕಂಪೈಲರ್: ಸಂಖ್ಯೆಯ ಜಾತಿ, ಸ್ವಾಮಿ. ಪೂರ್ಣಾಂಕವಾದರೆ ಸಾಮಾನ್ಯವಾಗಿ ನಾಲ್ಕು ಬೈಟ್, ದೊಡ್ಡ ದಶಮಾಂಶವಾದರೆ ಎಂಟು. ಎಷ್ಟು ಜಾಗ ಕೊಡಬೇಕೆಂದು ತಿಳಿಯಲು ಕೇಳುತ್ತೇನೆ, ಅಷ್ಟೆ. ನೀವು ಅರ್ಜಿಯಲ್ಲಿ ಯಾತಕ್ಕೆ ಕೇಳುತ್ತೀರೋ ನನಗೆ ಗೊತ್ತಿಲ್ಲ. ಆದರೆ ಒಂದು ವಿಷಯದಲ್ಲಿ ನಾನು ಉದಾರಿ: ಒಳಗೆ ಏನಿದೆ ಎಂದು ತೆರೆದು ನೋಡುವುದಿಲ್ಲ. ಹೆಸರು ಕ್ಷೀರಸಾಗರ ಭಟ್ಟರು, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬಂಥ ವೇರಿಯಬಲ್‌ಗಳನ್ನು ಎಷ್ಟು ಕಂಡಿದ್ದೇನೆ! ‘ನಿವ್ವಳ_ಲಾಭ’ ಎಂದು ಹೆಸರು, ಬೆಲೆ ತುಂಬಿಸಲು ಮರೆತಿರುತ್ತಾರೆ, ಒಳಗೆ ಹಿಂದಿನ ಬಾಡಿಗೆದಾರ ಬಿಟ್ಟುಹೋದ ಕಸ. ಎಚ್ಚರಿಕೆ ಕೊಡುತ್ತೇನೆ, ಅದೂ ಕೇಳಿಕೊಂಡವರಿಗೆ.

ನಾನು: ಸರಿ, ದಫ್ತರಿನಲ್ಲಿ ಹೆಸರುಗಳಿವೆ. ಪ್ರೋಗ್ರಾಂ ಓಡುವಾಗ ಅದೇ ದಫ್ತರು ತೆರೆದು ರಾಜಕೋಟ್ ಎಂದು ಇನ್ನೊಂದು ಸಾಲು ಸೇರಿಸಿಕೊಂಡರೆ ಯಾರ ಗಂಟು ಹೋಗುತ್ತದೆ?

ಕಂಪೈಲರ್: ಯಾವ ದಫ್ತರು? ಕೆಲಸ ಮುಗಿದ ಕ್ಷಣ ಅದನ್ನು ಎಸೆದಿರುತ್ತೇನೆ. ‘ಅಹಮದಾಬಾದ್_ಮೊತ್ತ’ ಎಂದು ಹುಡುಗ ಅಕ್ಕರೆಯಿಂದ ಇಟ್ಟ ಹೆಸರು ನನ್ನ ಕೈದಾಟಿದ ಮೇಲೆ ‘ಸ್ಟ್ಯಾಕ್‌ನ ಈ ತುದಿಯಿಂದ ಇಷ್ಟು ಬೈಟ್ ದೂರ’ ಎಂಬ ವಿಳಾಸವಾಗಿರುತ್ತದೆ. ಯಂತ್ರ ನೋಡುವುದು ಆ ದೂರವನ್ನು. ಚುರುಕಾಗಿ ಕೆಲಸಮಾಡು ಎಂದು ಅಪ್ಪಣೆಯಾದರೆ ಆ ಜಾಗವನ್ನೂ ಕೊಡದೆ ಪ್ರೊಸೆಸರಿನ ರಿಜಿಸ್ಟರಿನಲ್ಲೇ ನಿಲ್ಲಿಸಿ ಸಾಗಹಾಕುತ್ತೇನೆ. ಯಾರೂ ಬಳಸದ ವೇರಿಯಬಲ್ ಆದರೆ ಅದು ಹುಟ್ಟಿತ್ತೆಂಬ ಗುರುತೂ ಉಳಿಯುವುದಿಲ್ಲ. ಎಲ್ಲರಿಗೂ ಕಾಣುವಂತೆ ಹೊರಗೆ ಘೋಷಿಸಿದ ಹೆಸರುಗಳನ್ನು, ಕಡತಗಳನ್ನು ಒಂದಕ್ಕೊಂದು ಜೋಡಿಸುವ ಲಿಂಕರ್‌ಗೋಸ್ಕರ ಕಡತದ ಕೊನೆಯಲ್ಲಿ ಬರೆದಿಡುತ್ತೇನೆ. ಸ್ಟ್ರಿಪ್ ಎಂಬ ಆಜ್ಞೆ ಕೊಟ್ಟರೆ ಅವುಗಳಲ್ಲೂ ಬಹುಪಾಲು ಅಳಿಸಿಹೋಗುತ್ತವೆ. ದೋಷ ಹುಡುಕುವವರು ಮೊದಲೇ ಕೇಳಿಕೊಂಡರೆ ಹೆಸರುಗಳ ಒಂದು ನಕಲನ್ನು ಬದಿಗಿಡುತ್ತೇನೆ. ಅದು ಓದಲಿಕ್ಕೆ. ಸೇರಿಸಲಿಕ್ಕಲ್ಲ.

ನಾನು: ಹಾಗಾದರೆ ಒಳ್ಳೆಯ ಹೆಸರು ಇಡಿ, ಅರ್ಥಪೂರ್ಣ ಹೆಸರು ಇಡಿ ಎಂದು ಮೇಷ್ಟ್ರುಗಳು ಬಡಕೊಳ್ಳುವುದೆಲ್ಲ ಸುಳ್ಳೇ?

ಕಂಪೈಲರ್: ಅದು ಮುಂದಿನ ಗುಮಾಸ್ತನಿಗೆ, ನನಗಲ್ಲ. ಕಮಲಾಕ್ಷಿ ಎಂದಿಡಿ, ಕ1 ಎಂದಿಡಿ, ನನಗೆ ಎರಡೂ ನಾಲ್ಕು ಬೈಟ್. ನಮ್ಮ ಮನೆತನದಲ್ಲಿ ಹೆಸರಿನ ಬಗ್ಗೆ ಇನ್ನೂ ಜಿಪುಣರಿದ್ದರು. 1957ರಲ್ಲಿ ಐಬಿಎಂ 704 ಯಂತ್ರದ ಮೇಲೆ ಬಂದ ಫೋರ್ಟ್ರಾನ್ ಅಜ್ಜ ಆರಕ್ಷರಕ್ಕಿಂತ ಉದ್ದದ ಹೆಸರನ್ನು ಮುಟ್ಟುತ್ತಿರಲಿಲ್ಲ. ಜಾತಿ ಹೇಳದಿದ್ದರೆ ಮೊದಲಕ್ಷರ ನೋಡಿ ತಾನೇ ಹಚ್ಚುತ್ತಿದ್ದ: ಐಯಿಂದ ಎನ್‌ವರೆಗೆ ಪೂರ್ಣಾಂಕ, ಮಿಕ್ಕದ್ದು ದಶಮಾಂಶ. ಹೆಸರಿನಲ್ಲಿ ಒಂದಕ್ಷರ ತಪ್ಪಿ ಬರೆದರೆ ತಕರಾರಿಲ್ಲದೆ ಹೊಸ ವೇರಿಯಬಲ್ ಎಂದು ಒಪ್ಪಿಕೊಂಡುಬಿಡುತ್ತಿದ್ದ. ಅವನ ಆ ದಯೆಯಿಂದ ದಾರಿತಪ್ಪಿದ ಲೆಕ್ಕಗಳಿಗೆ ಲೆಕ್ಕವಿಲ್ಲ. ಸಿ ಭಾಷೆಗೆ 1989ರಲ್ಲಿ ಅಧಿಕೃತ ನಿಯಮ ಬರೆದಾಗಲೂ ಒಂದು ಕಡತದಿಂದ ಇನ್ನೊಂದಕ್ಕೆ ಹೋಗುವ ಹೆಸರುಗಳಲ್ಲಿ ಮೊದಲ ಆರು ಇಂಗ್ಲಿಷ್ ಅಕ್ಷರಕ್ಕಷ್ಟೇ ಖಾತರಿ. ಹುಡುಗ ಆ ಕಾಲದವನಾಗಿದ್ದರೆ ಅಹಮದಾಬಾದಿನ ಮಾರಾಟ, ಅಹಮದಾಬಾದಿನ ದಾಸ್ತಾನು ಎರಡೂ ‘ಅಹ್ಮೆದಾ’ ಎಂಬಲ್ಲಿಗೆ ನಿಂತು ಒಂದರೊಳಗೊಂದು ಕಲಸಿಹೋಗುತ್ತಿದ್ದವು. ಶೇಠ್‌ಜಿಗೆ ಸೀರೆ ಎಷ್ಟು ಮಾರಿತು, ಎಷ್ಟು ಉಳಿಯಿತು ಎಂಬ ಭೇದವೇ ಇಲ್ಲದ ಪರಮಹಂಸ ಸ್ಥಿತಿ.

ನಾನು: ಇಷ್ಟೊಂದು ಹಟ ಯಾಕೆ? ಸ್ವಲ್ಪ ಸಡಿಲ ಬಿಟ್ಟರೆ ತಮಗೇನು ನಷ್ಟ?

ಕಂಪೈಲರ್: ಅಹಮದಾಬಾದಿಗೆ ಹೋದಾಗ ಕ್ಯಾಲಿಕೋ ವಸ್ತ್ರ ಸಂಗ್ರಹಾಲಯ ನೋಡಿಬನ್ನಿ. 1949ರಲ್ಲಿ ಗೌತಮ್ ಸಾರಾಭಾಯಿ ಮತ್ತು ಅವರ ತಂಗಿ ಗೀರಾ ಕಟ್ಟಿದ್ದು. ಅಲ್ಲಿ ಪಾಟಣದ ಪಟೋಲ ಸೀರೆಯ ಮುಂದೆ ನಿಂತುಕೊಳ್ಳಿ. ಅದರ ಹಾಸು, ಹೊಕ್ಕು ಎರಡೂ ನೂಲುಗಳನ್ನು ಮಗ್ಗಕ್ಕೆ ಏರಿಸುವ ಮೊದಲೇ ಅಳತೆ ಹಾಕಿ, ಗಂಟು ಕಟ್ಟಿ, ಬಣ್ಣದಲ್ಲಿ ಅದ್ದಿರುತ್ತಾರೆ. ಆನೆ ಎಲ್ಲಿ ಬರಬೇಕು, ಗಿಳಿ ಎಲ್ಲಿ ಕೂರಬೇಕು ಎಂಬುದು ಲಾಳಿ ಒಮ್ಮೆಯೂ ಓಡುವ ಮುನ್ನ ನೂಲಿನಲ್ಲಿ ತೀರ್ಮಾನವಾಗಿದೆ. ಒಂದು ಸೀರೆಗೆ ತಿಂಗಳುಗಟ್ಟಲೆ ದುಡಿಮೆ. ಅದರಲ್ಲಿ ದೊಡ್ಡ ಪಾಲು ನೇಯ್ಗೆಗೆ ಮುಂಚಿನ ಕಟ್ಟುವಿಕೆ, ಅದ್ದುವಿಕೆ. ಮಗ್ಗದ ಮೇಲೆ ಕೂತು ‘ಇಲ್ಲೊಂದು ನವಿಲು ಇದ್ದರೆ ಚೆಂದ’ ಎಂದರೆ ಅದನ್ನು ನೇಯುವ ಸಾಲ್ವಿಗಳು ನಿಮ್ಮನ್ನು ಹೇಗೆ ನೋಡುತ್ತಾರೋ ಹಾಗೆ ನಾನು ಆ ಹುಡುಗನನ್ನು ನೋಡಿದೆ. ಎಲ್ಲ ಮೊದಲೇ ಗೊತ್ತಿರುವುದರಿಂದಲೇ ನಾನು ಬರೆದುಕೊಟ್ಟ ಪ್ರೋಗ್ರಾಂ ಎಲ್ಲೂ ನಿಂತು ದಾರಿ ಕೇಳದೆ ಓಡುತ್ತದೆ.

ನಾನು: ಆ ಸಾಲ್ವಿಗಳ ಪೂರ್ವಿಕರಲ್ಲಿ ನಮ್ಮ ಕಡೆಯವರೂ ಇದ್ದರಂತೆ?

ಕಂಪೈಲರ್: ಹನ್ನೆರಡನೇ ಶತಮಾನದಲ್ಲಿ ಸೋಲಂಕಿ ದೊರೆ ಕುಮಾರಪಾಲ ಕರ್ನಾಟಕ, ಮಹಾರಾಷ್ಟ್ರಗಳಿಂದ ಏಳುನೂರು ಸಾಲ್ವಿ ಕುಟುಂಬಗಳನ್ನು ಪಾಟಣಕ್ಕೆ ಕರೆಸಿದನೆಂದು ಐತಿಹ್ಯ. ಹೆಮ್ಮೆಪಡಿ. ಆದರೆ ಆ ಶಿಸ್ತು ದಾವಣಗೆರೆ ಮಾರ್ಗವಾಗಿ ಬಂದಂತೆ ಕಾಣಲಿಲ್ಲ.

ನಾನು: ಹುಡುಗನ ಮೇಲೆ ಬಹಳ ಕೋಪ ಇದ್ದಂತಿದೆ. ಅಂಥದ್ದೇನು ಮಾಡಿದ?

ಕಂಪೈಲರ್: ಮೊದಲು ‘ಹೆಸರು’ ಎಂಬ ಅಕ್ಷರಮಾಲೆಯಲ್ಲಿ ರಾಜಕೋಟ್ ಎಂದು ತುಂಬಿಸಿ, ಮರುಸಾಲಿನಲ್ಲಿ ‘ಪೂರ್ಣಾಂಕ ಹೆಸರು’ ಎಂದು ಬರೆದ. ರಾಜಕೋಟ್ ಎಂಬ ಪೂರ್ಣಾಂಕ ಹುಟ್ಟುತ್ತದೆಂದು ಅವನ ಲೆಕ್ಕ. ಒಂದೇ ಹೆಸರಿಗೆ ಎರಡು ಜಾತಿಯ ದಾಖಲೆ ತಂದಿದ್ದೀಯ ಎಂದು ಅರ್ಜಿ ವಾಪಸು ಮಾಡಿದೆ. ಆಮೇಲೆ ಯಾರೋ ಅವನಿಗೆ ಎರಡು ಹ್ಯಾಶ್ ಚಿಹ್ನೆಯ ಮ್ಯಾಕ್ರೋ ಉಪದೇಶ ಮಾಡಿದರು. ಅದು ಎರಡು ಪದಗಳನ್ನು ಅಂಟಿಸಿ ಒಂದು ಹೆಸರು ಮಾಡುತ್ತದೆ ನಿಜ. ಆದರೆ ಅಂಟಿಸುವ ಪ್ರೀಪ್ರೊಸೆಸರ್ ನನಗಿಂತ ಮುಂಚೆ ಕೂರುವ ಆಸಾಮಿ. ಅವನಿಗೆ ಪೆಟ್ಟಿಗೆಯ ಮೇಲಿನ ಚೀಟಿ ಕಾಣುತ್ತದೆಯೇ ಹೊರತು ಒಳಗಿನ ಮಾಲು ಕಾಣುವುದಿಲ್ಲ. ‘ರಾಜಕೋಟ್_ಮೊತ್ತ’ ಬರಬೇಕಾದಲ್ಲಿ ‘ಹೆಸರು_ಮೊತ್ತ’ ಎಂಬ ವೇರಿಯಬಲ್ ಬಂತು. ಶೇಠ್‌ಜಿಗೆ ‘ಹೆಸರು’ ಎಂಬ ಊರಿನಲ್ಲಿ ಅಂಗಡಿ ಇಲ್ಲ.

ಮೂರನೇ ಸಲ ಬುದ್ಧಿಯನ್ನೇ ಕೈಬಿಟ್ಟು ಬರೀ ಕೈಯನ್ನು ನಂಬಿದ. ಶಾಖೆ1, ಶಾಖೆ2, ಶಾಖೆ3 ಎಂದು ಶಾಖೆ100ರವರೆಗೆ ಟೈಪ್ ಮಾಡಿದ. ಅದರ ಹಿಂದೆ, ‘ಸಂಖ್ಯೆ ಒಂದಾದರೆ ಶಾಖೆ1, ಎರಡಾದರೆ ಶಾಖೆ2’ ಎಂದು ನೂರು ಷರತ್ತು. ವ್ಯಾಕರಣ ಸರಿಯಿತ್ತು, ಕಣ್ಣುಮುಚ್ಚಿ ಮುದ್ರೆ ಒತ್ತಿದೆ. ನನ್ನ ಕೆಲಸದಲ್ಲಿ ಅದಕ್ಕಿಂತ ದುಃಖದ ಸಂಗತಿ ಇಲ್ಲ.

ನಾನು: ನಾಲ್ಕನೇ ಸಲ?

ಕಂಪೈಲರ್: ಅದು ನಿಜಕ್ಕೂ ಸಾಹಸ. ಪ್ರೋಗ್ರಾಂ ಓಡುತ್ತಿರುವಾಗಲೇ ಅದರ ಕೈಯಿಂದ ‘ಪೂರ್ಣಾಂಕ ರಾಜಕೋಟ್_ಮೊತ್ತ’ ಎಂಬ ಒಂದು ಸಾಲಿನ ಹೊಸ ಕಡತ ಬರೆಸಿ, ನನ್ನನ್ನು ನಿದ್ದೆಯಿಂದ ಎಬ್ಬಿಸಿ ಅದನ್ನು ಕಂಪೈಲ್ ಮಾಡಿಸಿ, ಹುಟ್ಟಿದ ತುಣುಕನ್ನು ಓಡುತ್ತಿರುವ ಪ್ರೋಗ್ರಾಮಿಗೆ ಜೋಡಿಸಿಕೊಂಡ. ಸಾಧ್ಯವಿದೆ. ಮಾಡಬೇಕಾದವರು ಬೇರೆ ಕಾರಣಕ್ಕೆ ಮಾಡುತ್ತಾರೆ. ನಾಲ್ಕು ಬೈಟ್ ಜಾಗಕ್ಕಾಗಿ ಇಡೀ ಕಚೇರಿಯನ್ನು ನಡುರಾತ್ರಿ ತೆರೆಸಿದ ಮೇಲೆ ಆದದ್ದೇನು? ಹೊಸ ಹೆಸರು ಹುಟ್ಟಿತು, ಆದರೆ ಅದನ್ನು ಹೆಸರು ಹಿಡಿದು ಕರೆಯುವ ಸಾಲು ಹಳೆಯ ಪ್ರೋಗ್ರಾಮಿನಲ್ಲಿ ಎಲ್ಲೂ ಇಲ್ಲ. ಇರಲು ಹೇಗೆ ಸಾಧ್ಯ? ಬರೆಯುವಾಗ ಅವನಿಗೇ ಆ ಹೆಸರು ಗೊತ್ತಿರಲಿಲ್ಲ. ಕೊನೆಗೆ ಹೆಸರನ್ನು ಅಕ್ಷರಮಾಲೆಯಾಗಿ ಕೊಟ್ಟು ವಿಳಾಸ ಹುಡುಕಿಸಿಕೊಂಡ. ಗೊತ್ತಾಯಿತೇ? ಸುತ್ತಿ ಸುತ್ತಿ ಬಂದು, ಹೆಸರು ಕೊಟ್ಟರೆ ವಿಳಾಸ ಹೇಳುವ ಪಟ್ಟಿ ಬೇಕು ಎಂಬಲ್ಲಿಗೇ ನಿಂತ.

ನಾನು: ಬೇರೆ ಭಾಷೆಗಳು ಹೀಗೆ ಸತಾಯಿಸುವುದಿಲ್ಲವಲ್ಲ. ಪಿಎಚ್‌ಪಿಯಲ್ಲಿ ಎರಡು ಡಾಲರ್ ಚಿಹ್ನೆ ಹಾಕಿದರೆ ಸಾಕಂತೆ.

ಕಂಪೈಲರ್: ದಾಯಾದಿಗಳ ಸುದ್ದಿ ತೆಗೆದಿರಿ. ಹಾಕಬಹುದು. ಪೈಥಾನ್‌ನಲ್ಲೂ ಹೊರಗಿನ ಹೆಸರುಗಳೆಲ್ಲ ಒಂದು ನಿಘಂಟಿನಲ್ಲಿರುತ್ತವೆ, ಬೇಕಾದ ಹೆಸರು ಸೇರಿಸಬಹುದು. ಅವರು ಸಿಂಬಲ್ ಟೇಬಲನ್ನು ಎಸೆಯದೆ ಹೆಗಲಿಗೆ ನೇತುಹಾಕಿಕೊಂಡೇ ಓಡುತ್ತಾರೆ, ಅದರ ಭಾರವನ್ನೂ ಹೊರುತ್ತಾರೆ. ಪಿಎಚ್‌ಪಿಯಂತೂ ಒಂದು ಕಾಲದಲ್ಲಿ ಮನೆಬಾಗಿಲು ತೆರೆದಿಟ್ಟೇ ಮಲಗುತ್ತಿತ್ತು. ‘ರಿಜಿಸ್ಟರ್ ಗ್ಲೋಬಲ್ಸ್’ ಎಂಬ ಸೌಲಭ್ಯ. ಬ್ರೌಸರ್‌ನಲ್ಲಿ ವಿಳಾಸದ ಕೊನೆಗೆ ದಾರಿಹೋಕನೊಬ್ಬ ‘ನಾನೇ_ಯಜಮಾನ=1’ ಎಂದು ಬರೆದರೆ ಪ್ರೋಗ್ರಾಮಿನೊಳಗೆ ಆ ಹೆಸರಿನ ವೇರಿಯಬಲ್ ಪ್ರತ್ಯಕ್ಷ. ಬರೆದವನು ಎಚ್ಚರತಪ್ಪಿದ್ದರೆ ದಾರಿಹೋಕನೇ ಯಜಮಾನ. 2002ರ 4.2 ಆವೃತ್ತಿಯಲ್ಲಿ ಆ ಬಾಗಿಲು ಹಾಕಿದರು, 2012ರ 5.4ರಲ್ಲಿ ಇಟ್ಟಿಗೆ ಕಟ್ಟಿ ಮುಚ್ಚಿದರು. ಹುಡುಗನಿಗೆ ಬೇಕಾದದ್ದು ಇದೇ ಸುಖ. ಶೇಠ್‌ಜಿಯ ಅಂಗಡಿಯಲ್ಲಿ ಕುಳಿತವನು ಏನು ಟೈಪ್ ಮಾಡಿದರೂ ಅದು ವೇರಿಯಬಲ್ ಆಗಬೇಕು ಎಂದರೆ, ಅವನು ‘ಒಟ್ಟು_ಮೊತ್ತ’ ಎಂದೇ ಟೈಪ್ ಮಾಡಿದಾಗ ಏನಾಗುತ್ತದೆಂದು ಯೋಚಿಸಿದ್ದಾನೆಯೇ?

ನಾನು: ಬೈದದ್ದಾಯಿತು. ಪರಿಹಾರ ಹೇಳಿ.

ಕಂಪೈಲರ್: ಪರಿಹಾರ ಈ ಕೋಣೆಯಲ್ಲೇ ಕೆಂಪು ಬಟ್ಟೆಯ ರಟ್ಟು ಹಾಕಿಕೊಂಡು ಕೂತಿದೆ. ಶೇಠ್‌ಜಿಯ ಚೋಪಡಾ. ಹೊಸ ಗಿರಾಕಿ ಬಂದ ದಿನ ಲೆಕ್ಕ ಬರೆಯುವ ಮೆಹತಾಜಿ ಏನು ಮಾಡುತ್ತಾರೆ? ಅವನ ಹೆಸರಿನಲ್ಲಿ ಹೊಸ ಪುಸ್ತಕವನ್ನೇ ಕಟ್ಟಿಸುವುದಿಲ್ಲ. ಇರುವ ಪುಸ್ತಕದಲ್ಲಿ ಒಂದು ಹಾಳೆ ತಿರುವಿ, ತಲೆಯ ಮೇಲೆ ಹೆಸರು ಬರೆದು, ಖಾತೆ ತೆರೆಯುತ್ತಾರೆ. ಪುಸ್ತಕದ ಹೆಸರು ಚೋಪಡಾ. ಅದು ನನ್ನ ದಫ್ತರಿಗೆ ಮೊದಲೇ ಬಂದಿರಲಿ, ನನಗೆ ಅಷ್ಟು ಸಾಕು. ಒಳಗೆ ರಾಜಕೋಟ್ ಎಂದು ಬರೆಯಿರಿ, ರಾಣೆಬೆನ್ನೂರು ಎಂದು ಬರೆಯಿರಿ, ಅದು ಶೇಠ್‌ಜಿಯ ವ್ಯವಹಾರ. ಸಿ ಪ್ಲಸ್ ಪ್ಲಸ್‌ನಲ್ಲಿ ಈ ಪುಸ್ತಕಕ್ಕೆ ‘ಮ್ಯಾಪ್’ ಎನ್ನುತ್ತಾರೆ, 1998ರ ಮೊದಲ ಅಧಿಕೃತ ನಿಯಮಾವಳಿಯಿಂದಲೇ ಇದೆ. 2011ರಲ್ಲಿ ಇನ್ನೊಂದು ಬಗೆಯದೂ ಬಂತು. ಅದರಲ್ಲಿ ಹೆಸರಿನ ಅಕ್ಷರಗಳನ್ನೇ ಒಂದು ಲೆಕ್ಕಕ್ಕೆ ಹಾಕಿ, ಬಂದ ಸಂಖ್ಯೆಯಿಂದ ನೇರವಾಗಿ ಗೂಡಿಗೆ ಹೋಗುವುದು. ಈ ಲೆಕ್ಕದ ಉಪಾಯವನ್ನು 1953ರಲ್ಲೇ ಬರೆದಿಟ್ಟವನು ಐಬಿಎಂನ ಹಾನ್ಸ್ ಪೀಟರ್ ಲೂನ್. ಸೂರತ್‌ನವರು ಅವನಿಗೊಂದು ಹಾರ ಹಾಕಬೇಕು. ಕಂಪ್ಯೂಟರಿಗೆ ಬರುವ ಮುಂಚೆ ಅವನು ಜವಳಿ ಉದ್ಯಮದಲ್ಲಿದ್ದ. ಬಟ್ಟೆಯಲ್ಲಿ ಎಷ್ಟು ಎಳೆ ಇದೆಯೆಂದು ಎಣಿಸುವ ‘ಲೂನೋಮೀಟರ್’ ಅವನೇ ಮಾಡಿದ್ದು.

ನಾನು: ಇಷ್ಟು ಸರಳವಿದ್ದರೆ ಹುಡುಗನಿಗೆ ಯಾಕೆ ಹೊಳೆಯಲಿಲ್ಲ?

ಕಂಪೈಲರ್: ಅವನು ಕೇಳಿದ್ದು ‘ಹೆಸರಿಡುವುದು ಹೇಗೆ’ ಎಂದು. ‘ಊರೂರಿನ ಲೆಕ್ಕ ಬೇರೆಬೇರೆ ಇಡುವುದು ಹೇಗೆ’ ಎಂದು ಕೇಳಿದ್ದರೆ ಮೆಹತಾಜಿಯೇ ಹೇಳುತ್ತಿದ್ದರು. ಬೇಡ, ಮಹೀಧರಪುರದ ಹೀರಾ ಬಜಾರಿಗೆ ಹೋಗಿ ಯಾರನ್ನಾದರೂ ಕೇಳಿದ್ದರೂ ಆಗುತ್ತಿತ್ತು. ಈ ಊರಿನ ಕೈಗಳು ದಾಟಿಸುವಷ್ಟು ವಜ್ರ ಜಗತ್ತಿನ ಬೇರೆ ಯಾವ ಊರೂ ಹೊಳಪಿಗೆ ಹಾಕುವುದಿಲ್ಲ. ಒಂದು ಕಲ್ಲಿಗಾದರೂ ಹೆಸರಿದೆಯೇ? ಕಚ್ಚಾ ಹರಳಿನ ಒಂದು ರಾಶಿ ಬಂದರೆ ಅದಕ್ಕೆ ಕಾಪಣ್ ಎಂದು ಒಂದು ಸಂಖ್ಯೆ. ಅದರೊಳಗಿನ ಒಂದೊಂದು ಕಲ್ಲಿಗೂ ಪ್ಯಾಕೆಟ್ ಸಂಖ್ಯೆ. ಸೀಳುವವನ ಕೈಗೆ, ಉಜ್ಜುವವನ ಕೈಗೆ, ತೂಗುವವನ ಕೈಗೆ ಮಡಚಿದ ಕಾಗದದಲ್ಲಿ ಹೋಗುವಾಗ ಆ ಎರಡು ಸಂಖ್ಯೆಯೇ ಅದರ ಕುಲಗೋತ್ರ. ಒಂದು ಕಲ್ಲು ಎರಡು ತುಂಡಾದರೆ ಸಂಖ್ಯೆಯ ಬಾಲಕ್ಕೆ ಒಂದು ಅಕ್ಷರ ಸೇರಿಸಿದರೆ ಮುಗಿಯಿತು. ಕೊಹಿನೂರ್ ಎಂದು ಹೆಸರು ಪಡೆದ ಕಲ್ಲಿನ ಪಾಡು ನೋಡಿ. ಹೆಸರು ಬಂದದ್ದರಿಂದ ಅದಕ್ಕೆ ಊರೂ ಉಳಿಯಲಿಲ್ಲ, ಒಡೆಯನೂ ಉಳಿಯಲಿಲ್ಲ.

ನಾನು: ಆದರೆ ವಡೋದರಾದಲ್ಲಿ ಓಡುವ ರಾಜ್ಯದಲ್ಲೇ ಹೊಸ ಹೆಸರು ಹುಟ್ಟಿಸಿದ ಉದಾಹರಣೆ ಇದೆಯಲ್ಲ? 1875ರಲ್ಲಿ ನಾಸಿಕದ ಕಡೆಯ ಕವಳಾಣೆಯ ಗೋಪಾಳರಾವ್ ಎಂಬ ಹುಡುಗನನ್ನು ರಾಣಿ ಜಮ್ನಾಬಾಯಿ ದತ್ತು ತೆಗೆದುಕೊಂಡರು, ಅವನು ಮೂರನೇ ಸಯಾಜಿರಾವ್ ಆದ.

ಕಂಪೈಲರ್: ಒಳ್ಳೆಯ ಪ್ರಶ್ನೆ, ತಪ್ಪು ಉದಾಹರಣೆ. ಹೊಸದಾಗಿ ಹುಟ್ಟಿದ್ದು ಏನು? ಗಾಯಕವಾಡರ ಗಾದಿ ಮೊದಲೇ ಘೋಷಣೆಯಾಗಿತ್ತು. ಬ್ರಿಟಿಷರು ಮಲ್ಹಾರರಾವ್ ಎಂಬ ಬೆಲೆಯನ್ನು ತೆಗೆದುಹಾಕಿದರು, ಖಾಲಿಯಾದ ಜಾಗಕ್ಕೆ ಇನ್ನೊಂದು ಬೆಲೆ ತುಂಬಿದರು. ಜಾತಿಗೆ ಹೊಂದುವ ಬೆಲೆಯೇ ಆಗಬೇಕೆಂದು ಗಾಯಕವಾಡರ ವಂಶದಲ್ಲೇ ಹುಡುಕಿದರು ಎಂಬುದನ್ನೂ ಗಮನಿಸಿ, ಟೈಪ್ ಚೆಕಿಂಗ್ ಎಂದರೆ ಅದೇ. ಬೆಲೆ ಚೆನ್ನಾಗಿತ್ತು ಎಂಬುದು ಬೇರೆ ಮಾತು. 1906ರಲ್ಲೇ ರಾಜ್ಯವಿಡೀ ಕಡ್ಡಾಯ ಪ್ರಾಥಮಿಕ ಶಿಕ್ಷಣ ತಂದ ಮನುಷ್ಯ.

ನಾನು: 1908ರಲ್ಲಿ ಬ್ಯಾಂಕನ್ನೂ ಕಟ್ಟಿದರು.

ಕಂಪೈಲರ್: ಅದನ್ನೇ ಹೇಳಬೇಕೆಂದಿದ್ದೆ. ಊರಿನ ಅಧಿಕೃತ ಹೆಸರು 1974ರಲ್ಲಿ ಬರೋಡಾ ಹೋಗಿ ವಡೋದರಾ ಆಯಿತು. ಬ್ಯಾಂಕ್ ಈಗಲೂ ಬ್ಯಾಂಕ್ ಆಫ್ ಬರೋಡಾ. ವಿಶ್ವವಿದ್ಯಾಲಯ ಮಹಾರಾಜ ಸಯಾಜಿರಾವ್ ಯೂನಿವರ್ಸಿಟಿ ಆಫ್ ಬರೋಡಾ. ರೈಲ್ವೆಯ ಸಂಕೇತ ಬಿಆರ್‌ಸಿ. ಅದರ ಮೊದಲಕ್ಷರ ವಡೋದರಾದ್ದಲ್ಲ. ಹೊರಗಿನವರು ನಂಬಿಕೊಂಡು ಕೂತ ಹೆಸರನ್ನು ಕದಲಿಸಿದರೆ ಎಲ್ಲರ ಲಿಂಕೂ ಕಡಿಯುತ್ತದೆಂದು ಆ ಗುಮಾಸ್ತರಿಗೆ ಗೊತ್ತಿತ್ತು. ಇನ್ನು ನಿಮ್ಮ ಕರಾವಳಿಯ ಕಥೆ. ಎ.ಬಿ. ಶೆಟ್ಟರು 1931ರಲ್ಲಿ ಮಂಗಳೂರಿನಲ್ಲಿ ಕಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು, ದೇನಾ ಬ್ಯಾಂಕಿನ ಜೊತೆ, ಈ ಬರೋಡಾದಲ್ಲಿ ವಿಲೀನವಾಯಿತು. ವಿಜಯಾ ಎಂಬ ಹೆಸರು ಹೋಯಿತು, ಐಎಫ್‌ಎಸ್‌ಸಿ ಸಂಕೇತ ಬದಲಾಯಿತು, ಬಂಟ್ವಾಳದ ಅಜ್ಜಿಯ ದುಡ್ಡು ಮಾತ್ರ ಅಜ್ಜಿಯದೇ. ಅಲ್ಲಿಗೆ, ಹುಟ್ಟಿದೂರಿನಲ್ಲಿ ಬೋರ್ಡಿನಿಂದ ಅಳಿಸಿದ ಬರೋಡಾ ದಕ್ಷಿಣ ಕನ್ನಡದ ಪೇಟೆಪೇಟೆಯಲ್ಲಿ ಹೊಸ ಬೋರ್ಡಾಗಿ ಏರಿ ಕೂತಿತು. ಅಹಮದಾಬಾದಿನ ಮೊಟೇರಾದ ಕ್ರೀಡಾಂಗಣವೂ ಅಷ್ಟೇ. 2021ರ ಫೆಬ್ರವರಿಯಲ್ಲಿ ಒಳಗಿನ ಸ್ಟೇಡಿಯಂಗೆ ನರೇಂದ್ರ ಮೋದಿಯವರ ಹೆಸರು ಬಂತು, ಸುತ್ತಲಿನ ಕ್ರೀಡಾ ಸಮುಚ್ಚಯಕ್ಕೆ ಸರ್ದಾರ್ ಪಟೇಲರ ಹೆಸರು. ಒಳ ಆವರಣದ ಹೆಸರು ಹೊರ ಆವರಣದ್ದನ್ನು ಮರೆಮಾಡುತ್ತದೆ ಎಂದು ನಮ್ಮಲ್ಲೂ ನಿಯಮವಿದೆ. ಒಂದು ಲಕ್ಷ ಮೂವತ್ತೆರಡು ಸಾವಿರ ಕುರ್ಚಿಗಳಿಗೆ ಅದರ ಅರಿವಿಲ್ಲ.

ನಾನು: ನಮ್ಮ ಓದುಗರ ಪರವಾಗಿ ಒಂದು ಕೇಳಲೇಬೇಕು. ಕನ್ನಡದಲ್ಲಿ ವೇರಿಯಬಲ್‌ಗೆ ಹೆಸರಿಟ್ಟರೆ ಒಪ್ಪುತ್ತೀರಾ?

ಕಂಪೈಲರ್: 2020ರ ನನ್ನ ಹತ್ತನೇ ಆವೃತ್ತಿಯಿಂದ ನೇರವಾಗಿ ಕನ್ನಡ ಲಿಪಿಯಲ್ಲೇ ಬರೆದರೂ ಓದುತ್ತೇನೆ. ಒಂದು ತೊಡಕಿದೆ. ‘ರಾಜ್‌ಕೋಟ್’ ಎಂಬಲ್ಲಿ ಜ್ ಮತ್ತು ಕೋ ಒತ್ತಕ್ಷರವಾಗಿ ಅಂಟಿಕೊಳ್ಳದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕುತ್ತೀರಲ್ಲ, ಅದು ನನಗೆ ಕಾಣುತ್ತದೆ. ಅದು ಇರುವ ಹೆಸರು ಬೇರೆ, ಇಲ್ಲದ ಹೆಸರು ಬೇರೆ. ಹೊಸ ನಿಯಮಗಳು ಬಂದಮೇಲೆ ಹೆಸರಿನೊಳಗೆ ಆ ಚಿಹ್ನೆಯನ್ನು ಬಿಟ್ಟುಕೊಳ್ಳುವುದೇ ಕಷ್ಟವಾಗಿದೆ. ಅಭಿಮಾನಿಗಳು ರಾಜಕೋಟ ಎಂದು ಅಕಾರಾಂತವಾಗಿ ಬರೆದರೆ ಭಾಷೆಗೂ ಲೇಸು, ನನಗೂ ಲೇಸು.

ನಾನು: ಕೊನೆಗೂ ಹುಡುಗ ಮ್ಯಾಪ್ ಬರೆದನೇ?

ಕಂಪೈಲರ್: ಬರೆದ. ನೂರು ವೇರಿಯಬಲ್ ಅಳಿಸಿದ, ನೂರು ಷರತ್ತು ಅಳಿಸಿದ, ಒಂದೇ ಸಾಲಿನಲ್ಲಿ ಚೋಪಡಾ ಘೋಷಿಸಿದ. ಒಂದು ತಪ್ಪೂ ಇಲ್ಲದೆ ನನ್ನ ಮೇಜು ದಾಟಿತು. ಶೇಠ್‌ಜಿ ಎಲ್ಲರಿಗೂ ಫಾಫಡಾ, ಜಲೇಬಿ ತರಿಸಿದರು.

ನಾನು: ಅಂತೂ ಸುಖಾಂತ.

ಕಂಪೈಲರ್: ನನ್ನ ಮಟ್ಟಿಗೆ. ಆ ಮ್ಯಾಪ್‌ಗೆ ಒಂದು ದುರಭ್ಯಾಸವಿದೆ. ಇಲ್ಲದ ಹೆಸರನ್ನು ಚೌಕಟ್ಟಿನ ಆವರಣದಲ್ಲಿ ಹಾಕಿ ಕೇಳಿದರೆ ಅದು ಇಲ್ಲ ಎನ್ನುವ ಜಾಯಮಾನದ್ದಲ್ಲ. ಆ ಹೆಸರಿನಲ್ಲಿ ಹೊಸ ಖಾತೆ ತೆರೆದು, ಸೊನ್ನೆ ತುಂಬಿಸಿ, ತಗೊಳ್ಳಿ ಎಂದು ಕೊಡುತ್ತದೆ. ಬರೀ ಬಾಕಿ ಎಷ್ಟೆಂದು ನೋಡಲು ಬಂದವನಿಗೂ ಖಾತೆ ತೆರೆದು ಕಳಿಸುತ್ತದೆ. ಮೆಹತಾಜಿ ವಡೋದರಾ ಎಂದು ಟೈಪ್ ಮಾಡಿದರು. ಶೇಠ್‌ಜಿಗೆ ಬಾಯಿಗೆ ಬರುವುದು ಬರೋಡಾ. ಅವರ ಮಗ ವಡೋದರಾ ಎಂದೇ ಬರೆದ, ಕೊನೆಯಲ್ಲಿ ಸ್ಪೇಸ್‌ಬಾರ್ ಒತ್ತಿಬಿಟ್ಟ. ಈಗ ಶೇಠ್‌ಜಿಗೆ ವಿಶ್ವಾಮಿತ್ರಿ ನದಿಯ ದಂಡೆಯ ಮೇಲೆ ಮೂರು ಅಂಗಡಿ. ಒಂದರಲ್ಲಿ ಲಾಭ, ಒಂದರಲ್ಲಿ ನಷ್ಟ, ಮೂರನೆಯದರಲ್ಲಿ ಬರೀ ಬಾಡಿಗೆ.

ನಾನು: ಅಯ್ಯೋ! ಅದನ್ನು ನೀವು ತಡೆಯಬಾರದಿತ್ತೇ?

ಕಂಪೈಲರ್: ವ್ಯಾಕರಣ ಸರಿಯಿತ್ತು. ಓಡುವಾಗ ಆಗುವ ಅನಾಹುತ ನನ್ನ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಕಿಟಕಿ ಬೇರೆ ಇದೆ, ಅಲ್ಲಿ ವಿಚಾರಿಸಿ.

ನಾನು: ಆ ಕಿಟಕಿ ಎಷ್ಟು ಹೊತ್ತಿಗೆ ತೆರೆಯುತ್ತದೆ?

ಕಂಪೈಲರ್: ನಾನು ಬಾಗಿಲು ಹಾಕಿಕೊಂಡು ಹೋದಮೇಲೆ.